ಬಳ್ಳೊಳ್ಳಿ ಇಲ್ಲದ ಖಾರದ ಪುಟ ತೆಗೆಸಿದವಳು ನಾನು

ಡಂಕ ತೊಳೆದಿರಲಿಲ್ಲ. ತೊಳೆದಿದ್ದೇನೆ ಎಂದು ಸುಳ್ಳು ಹೇಳಿದವಳು ನಾನು. ಇಂಗಿನ ತಪ್ಪು ಏನೂ ಇರಲಿಲ್ಲ, ತ್ರಿಶಲಾಳ ತಪ್ಪಂತೂ ಇರಲೇ ಇಲ್ಲ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಇದನ್ನು ಮುಚ್ಚಲು ನಾನು ಮಾಡಿದ ಕೆಲಸ.

ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಖಾರ ಹುಡುಕಿಕೊಂಡು ಈ ವಿಳಾಸಕ್ಕೆ ಬಂದವರೇ, ಆ ಖಾರ ಈಗ ಇಲ್ಲಿ ಸಿಗುವುದಿಲ್ಲ. ಇಷ್ಟು ವರ್ಷ ನೀವು ಬಂದಾಗಲೆಲ್ಲ ‘ಪುಟ ಸಿಗಲಿಲ್ಲ’ ಎಂಬ ಬಿಳಿ ಪರದೆ ಕಾಣುತ್ತಿತ್ತು. ಇನ್ನು ಮುಂದೆ ಅದರ ಜಾಗದಲ್ಲಿ ಇದು ಕಾಣುತ್ತದೆ. ಓದಿ. ನಿಮ್ಮಲ್ಲಿ ಕೆಲವರ ಹೊಟ್ಟೆಗೆ ಹೋದದ್ದರ ವಿಷಯ ಇದು.

ನಾನು ಕಾಶವ್ವ. ನಿಪ್ಪಾಣಿ ಹತ್ತಿರದ ಅಕ್ಕೋಳ ನಮ್ಮೂರು. ಮೂರನೆಯ ಇಯತ್ತೆಯ ತನಕ ಶಾಲೆಗೆ ಹೋದೆ, ಆಮೇಲೆ ಎಮ್ಮೆ ಕಾಯಲು ಹಚ್ಚಿದರು. ಬರೆದದ್ದು ನಾನೇ, ಕಾಗುಣಿತ ತಿದ್ದಿದವಳು ಮೊಮ್ಮಗಳು ಅಶ್ವಿನಿ. ಅವಳು ಒಂದೆರಡು ಕಡೆ ಮಾತು ಮೆತ್ತಗೆ ಮಾಡಲು ನೋಡಿದಳು. ಬೇಡ ಅಂದೆ.

ಡಂಕ ಎಂದರೆ ಖಾರ ಕುಟ್ಟುವ ಯಂತ್ರ. ಕಬ್ಬಿಣದ ಒನಕೆಗಳು ತಾವೇ ಎದ್ದು ತಾವೇ ಬೀಳುತ್ತವೆ, ಕೆಳಗೆ ಒರಳಿನಂಥ ಕುಣಿಗಳಿರುತ್ತವೆ. ನಾನೂ ತ್ರಿಶಲಾಳೂ ಸೇರಿ ಒಂದು ಹಳೆಯ ಡಂಕ ತಂದು ನಮ್ಮ ಶೆಡ್ಡಿನಲ್ಲಿ ಹಾಕಿಸಿದ್ದೆವು. ಅವರ ಕಬ್ಬಿನ ಹೊಲ ನಮ್ಮ ಹೊಲಕ್ಕೆ ಹತ್ತಿಕೊಂಡೇ ಇದೆ. ಅವರು ಜೈನರು, ನಾವಲ್ಲ. ನನ್ನದು ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಮಸಾಲೆ ಖಾರ, ಈ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ವರ್ಷಕ್ಕಾಗುವಷ್ಟು ಮಾಡಿಡುವಂಥದ್ದು. ಅವಳದು ನೆಲದೊಳಗೆ ಬೆಳೆಯುವುದು ಯಾವುದೂ ಇಲ್ಲದ ಖಾರ: ಸಂಕೇಶ್ವರದ ಮೆಣಸಿನಕಾಯಿ, ಹವೀಜ ಅಂದರೆ ಕೊತ್ತಂಬರಿ ಬೀಜ, ಎಳ್ಳು, ಒಣಕೊಬ್ಬರಿ, ಮತ್ತೆ ಬಳ್ಳೊಳ್ಳಿಯ ಬದಲಿಗೆ ಇಂಗು. ಚಾತುರ್ಮಾಸ ಹಿಡಿಯುವ ಮನೆಯವರು ಸಾಂಗಲಿ, ಕೊಲ್ಹಾಪುರದ ಕಡೆಯಿಂದೆಲ್ಲ ಅದನ್ನೇ ಕೇಳುತ್ತಿದ್ದರು. ಖರೇ ಹೇಳಬೇಕೆಂದರೆ, ನನ್ನದಕ್ಕಿಂತ ಅವಳದಕ್ಕೇ ಬೇಡಿಕೆ ಹೆಚ್ಚು. ಅದು ನನಗೆ ಸ್ವಲ್ಪ ಚುಚ್ಚುತ್ತಿತ್ತು — ಸ್ವಲ್ಪ ಅಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮೊದಲು ಅವಳದನ್ನು ಕುಟ್ಟುವುದು, ಆಮೇಲೆ ನನ್ನದು. ಎಂದೂ ತಿರುವುಮುರುವು ಆಗಕೂಡದು. ನನ್ನದು ಕುಟ್ಟಿದ ಮೇಲೆ ಕುಣಿ, ಒನಕೆ ಎಲ್ಲ ಬಿಸಿನೀರಲ್ಲಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಒಂದಿಷ್ಟು ಹರಳುಪ್ಪು ಕುಟ್ಟಿ ಚೆಲ್ಲಿದ ಮೇಲೆಯೇ ಮತ್ತೆ ಅವಳ ಮೆಣಸಿನಕಾಯಿ ಹಾಕಬೇಕು. ಈ ಪದ್ಧತಿ ಮಾಡಿದ್ದು ತ್ರಿಶಲಾ. ಒಪ್ಪಿದ್ದು ನಾನು. ನನ್ನ ಮನೆಯಲ್ಲಿ ಅವಳಿಗೆಂದು ಕಾಸಿ ಸೋಸಿದ ನೀರಿನ ತಂಬಿಗೆ ಬೇರೆ ಇರುತ್ತಿತ್ತು. ಅವಳು ಬೇರೆ ಯಾರ ಮನೆಯಲ್ಲೂ ನೀರು ಮುಟ್ಟುವವಳಲ್ಲ. ನನ್ನ ಮನೆಯಲ್ಲಿ ಕೇಳಿ ಇಸಿದುಕೊಂಡು ಕುಡಿಯುತ್ತಿದ್ದಳು. ಇದನ್ನು ಯಾಕೆ ಹೇಳಿದೆ ಎಂದರೆ — ನಾನು ಕೆಡಿಸಿದ್ದು ಖಾರವನ್ನಷ್ಟೇ ಅಲ್ಲ ಎಂದು ನಿಮಗೆ ತಿಳಿಯಲಿ ಎಂದು.

ಅಶ್ವಿನಿ ಇನ್ನೂ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲ. ಆ ವರ್ಷ ಮೋಡ ಬೇಗ ಕಟ್ಟಿತು. ತ್ರಿಶಲಾ ಮಗಳ ಬಾಣಂತನಕ್ಕೆ ಇಚಲಕರಂಜಿಗೆ ಹೋಗಬೇಕಾಯಿತು. ಹೋಗುವ ಮೊದಲು ತನ್ನ ಮೆಣಸಿನಕಾಯಿ ಹುರಿದು ಡಬ್ಬಿಗೆ ತುಂಬಿದಳು, ಇಂಗು ಅಳೆದು ಪೊಟ್ಟಣ ಕಟ್ಟಿದಳು.

“ಕಾಶವ್ವಾ, ಕರೆಂಟ ಬಂದಕೂಡ್ಲೆ ಮೊದಲ ನಂದ ಕುಟ್ಟಸ್ವಾ. ಮಂದಿಗೆ ಚಾತುರ್ಮಾಸದಕಿಂತ ಮೊದಲ ಮುಟ್ಟಬೇಕ.”

“ಹೋಗ ನೀ. ನನಗ ಹೇಳಿಕೊಡ್ತೀಯೇನ?” ಅಂದೆ.

ಎರಡು ದಿನ ಕರೆಂಟು ಸರಿಯಾಗಿ ಬರಲಿಲ್ಲ. ನನ್ನ ಉಳ್ಳಾಗಡ್ಡಿ ಹುರಿದು ಇಟ್ಟಿದ್ದು ಥಂಡಿ ಹವೆಗೆ ಮೆತ್ತಗಾಗುತ್ತಿತ್ತು. ಇನ್ನೊಂದು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತಿತ್ತು. ಕರೆಂಟು ಬಂತು. ನಾನು ನನ್ನದನ್ನು ಮೊದಲು ಹಾಕಿದೆ.

ಅದು ಮುಗಿದ ಮೇಲೆ ತೊಳೆಯಬೇಕಿತ್ತು. ತೊಳೆದರೆ ಒಣಗಿಸಲು ಬಿಸಿಲಿಲ್ಲ. ಹಸಿ ಕುಣಿಗೆ ಮೆಣಸಿನಕಾಯಿ ಹಾಕಿದರೆ ಖಾರ ಕೆಡುತ್ತದೆ. ಒಣಬಟ್ಟೆ ತೆಗೆದುಕೊಂಡು ಒರೆಸಿದೆ. ಎರಡು ಸಲ ಒರೆಸಿದೆ. ಆಮೇಲೆ ತ್ರಿಶಲಾಳ ಡಬ್ಬಿ ತೆಗೆದು ಸುರಿದೆ.

ಬಿಸಿಲಿಲ್ಲದ್ದು, ಕರೆಂಟಿಲ್ಲದ್ದು, ಇವೆಲ್ಲ ಇದ್ದದ್ದೇ. ಆದರೆ ಇವು ಕಾರಣ ಅಲ್ಲ. ಕಾರಣ ಏನೆಂದರೆ, ಒನಕೆ ಬೀಳುವುದನ್ನು ನೋಡುತ್ತಾ ನಿಂತಾಗ ನಾನು ಮನಸ್ಸಿನಲ್ಲಿ ನಕ್ಕೆ. ಇಷ್ಟು ವಾಸನೆಗೆ ಯಾರ ವ್ರತ ಕೆಡುತ್ತದೆ, ಇವರದೊಂದು ಅತಿ, ಎಂದು ನಕ್ಕೆ. ವರ್ಷಗಟ್ಟಲೆ ಅವಳ ನೀರು ಸೋಸಿ ಇಟ್ಟವಳು ನಾನು — ಒಳಗೆ ಮಾತ್ರ ಅದನ್ನು ಆಟ ಎಂದೇ ತಿಳಿದಿದ್ದೆ. ಬೇರೆಯವರ ನೇಮ ನಮಗೆ ಕಷ್ಟ ಕೊಡದಿರುವ ತನಕ ಅದಕ್ಕೆ ಮರ್ಯಾದೆ ಕೊಡುವುದು ಸುಲಭ. ಕಷ್ಟ ಕೊಟ್ಟ ದಿನ ನಾನು ಎಂಥವಳೆಂದು ಗೊತ್ತಾಯಿತು.

ಪಾರ್ಸಲ್ ಹೋದವು. ಕೆಲವು ದಿನಕ್ಕೆ, ವೆಬ್‌ಸೈಟಿನಲ್ಲಿ ಆ ಖಾರದ ಪುಟದ ಕೆಳಗೆ, ಒಬ್ಬ ಹೆಣ್ಣುಮಗಳು ಬರೆದಿದ್ದಳು: ಇದರಲ್ಲಿ ಬಳ್ಳೊಳ್ಳಿಯ ವಾಸನೆ ಬರುತ್ತಿದೆ, ನಮ್ಮ ಅತ್ತೆ ಬಾಯಿಗಿಟ್ಟ ಮೇಲೆ ಗೊತ್ತಾಯಿತು, ದಿನವಿಡೀ ಅತ್ತರು. ತ್ರಿಶಲಾಳಿಗೂ ಫೋನು ಮಾಡಿದ್ದಳು. ತ್ರಿಶಲಾ ಬಸ್ಸಿನಿಂದ ಇಳಿದವಳು ತನ್ನ ಮನೆಗೂ ಹೋಗದೆ ಸೀದಾ ನಮ್ಮ ಶೆಡ್ಡಿಗೆ ಬಂದಳು.

“ಕಾಶವ್ವಾ, ಖರೇ ಹೇಳ. ಮೊದಲ ನಂದ ಕುಟ್ಟಸಿದ್ದೆಲ್ಲಾ?”

“ಹೌದ. ಮೊದಲ ನಿಂದ.”

“ಡಂಕ ತೊಳದಿದ್ದಿ?”

“ತೊಳದೇನಿ, ಒಣಗಿಸೇನಿ. ಅದು ನಿನ್ನ ಹೊಸಾ ಇಂಗಿನ ವಾಸನಿ. ಈ ಸಲ ಅಂಗಡಿ ಬದಲ ಮಾಡಿದ್ದೆಲ್ಲಾ, ಅದಕ್ಕ.”

ಇಂಗಿಗೂ ಬಳ್ಳೊಳ್ಳಿಗೂ ವಾಸನೆಯಲ್ಲಿ ಸಂಬಂಧ ಇರುವುದು ಎಲ್ಲರಿಗೂ ಗೊತ್ತು. ಆ ಮಾತು ನನ್ನ ನಾಲಿಗೆಗೆ ಅದೆಷ್ಟು ಸಲೀಸಾಗಿ ಬಂತು! ತ್ರಿಶಲಾ ಮುಂದೆ ಏನೂ ಕೇಳಲಿಲ್ಲ. ಕೇಳುವ ಅಗತ್ಯ ಅವಳಿಗೆ ಇರಲಿಲ್ಲ — ಹೇಳಿದವಳು ನಾನಲ್ಲವೇ. ಅಲ್ಲೇ ಮೆಣಸಿನಕಾಯಿಯ ಚೀಲದ ಮೇಲೆ ಕುಳಿತು, “ಹಂಗಾದ್ರ ಬೆರಕಿ ಇಂಗ ತಂದಾಕಿ ನಾನ” ಅಂದಳು. ಫೋನು ಮಾಡಿದ ಹೆಣ್ಣುಮಗಳಿಗೆ ತಾನೇ ಫೋನು ಹಚ್ಚಿ ತಪ್ಪು ನನ್ನದು ಎಂದು ಬೇಡಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಖಾರ ಮಾಡುವುದನ್ನು ಅವಳು ಅಲ್ಲಿಗೇ ನಿಲ್ಲಿಸಿದಳು. ಬಸದಿಗೆ ಹೋಗಿ ನೇಮ ಹಿಡಿದು ಬಂದಳು: ಸಕ್ಕರೆ, ಬೆಲ್ಲ ಎರಡೂ ಬಿಟ್ಟೆ ಎಂದು. ಕಬ್ಬು ಬೆಳೆಯುವ ಮನೆಯವಳು. ಗಾಣ ನಡೆಯುವಾಗ ಬಿಸಿ ಬೆಲ್ಲವನ್ನು ಬೆರಳಲ್ಲಿ ತೆಗೆದು ತಿನ್ನುತ್ತಾ ಬೆಳೆದವಳು. ಅಂದಿನಿಂದ ನಮ್ಮ ಕಟ್ಟೆಯ ಮೇಲೆ ಕುಳಿತು ಸಪ್ಪೆ ಚಹಾ ಕುಡಿಯುತ್ತಾಳೆ. ನಾನು ಎದುರಿಗೆ ಕುಳಿತು ನನ್ನದಕ್ಕೆ ಸಕ್ಕರೆ ಹಾಕಿ ಕಲಕುತ್ತಿದ್ದೆ.

ಇನ್ನೊಂದಿದೆ. ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. ಭಾದ್ರಪದದಲ್ಲಿ ಅವರ ಹಬ್ಬ ಮುಗಿದ ಮೇಲೆ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ತ್ರಿಶಲಾ ಪ್ರತಿ ವರ್ಷ ನನ್ನ ಮನೆಗೂ ಬರುತ್ತಾಳೆ. ಆ ವರ್ಷವೂ ಬಂದಳು. ಎರಡೂ ಕೈ ಜೋಡಿಸಿ, “ನನ್ನ ಇಂಗಿನಿಂದ ನಿನ್ನ ಹೆಸರಿಗೂ ಕುಂದ ಬಂತ ಕಾಶವ್ವಾ, ಕ್ಷಮಾ ಮಾಡ” ಅಂದಳು.

ನಾನು — “ಆತ ಬಿಡ, ಮಾಡೇನಿ” ಅಂದೆ.

ಕ್ಷಮಿಸಿದೆ. ನಾನು ಅವಳನ್ನು ಕ್ಷಮಿಸಿದೆ.

ಆ ವಾರವೇ ನಿಪ್ಪಾಣಿಗೆ ಹೋಗಿ, ನಮ್ಮ ವೆಬ್‌ಸೈಟ್ ಮಾಡಿಕೊಟ್ಟಿದ್ದ ಕಂಪ್ಯೂಟರ್ ಅಂಗಡಿಯವನಿಗೆ ಆ ಪುಟವನ್ನು ಪೂರಾ ತೆಗೆದುಬಿಡು ಅಂದೆ. ಅವನು, ‘ಸದ್ಯಕ್ಕೆ ಸಿಗುವುದಿಲ್ಲ’ ಎಂದು ಒಂದು ಸಾಲು ಬರೆದು ಬಿಡೋಣವೇ ಎಂದು ಕೇಳಿದ. ಬೇಡ ಅಂದೆ. ಹಾಗೆ ಬರೆದರೆ ಯಾಕೆ ಸಿಗುವುದಿಲ್ಲ ಎಂದು ಯಾರಾದರೂ ಕೇಳುತ್ತಿದ್ದರು. ಅಲ್ಲದೆ ಆ ಹೆಣ್ಣುಮಗಳು ಬರೆದದ್ದು ಅದರ ಕೆಳಗೇ ಇತ್ತು. ಡಂಕದ ಮುಂದೆ ನಗುತ್ತಾ ಕುಳಿತ ತ್ರಿಶಲಾಳ ಫೋಟೋ ಅದರ ಮೇಲಿತ್ತು. ಅವನು ಏನೋ ಒತ್ತಿದ. ಎಲ್ಲ ಹೋಯಿತು.

ಹೋಯಿತು ಎಂದು ತಿಳಿದಿದ್ದೆ.

ಆ ಅಂಗಡಿ ಈಗ ಇಲ್ಲ. ಅಶ್ವಿನಿ ಬಿ.ಕಾಂ. ಮುಗಿಸಿದ ಮೇಲೆ ವೆಬ್‌ಸೈಟನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ. ಪೊಟ್ಟಣ ಕಟ್ಟುವ ಮೇಜಿನ ತುದಿಯಲ್ಲೇ ಅವಳ ಲ್ಯಾಪ್‌ಟಾಪು, ಸುತ್ತಲೂ ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿರುತ್ತಾರೆ, ಇವಳು ಸೀನುತ್ತಾ ಒತ್ತುತ್ತಿರುತ್ತಾಳೆ. ಅಜ್ಜಿಯಾದ ನನ್ನನ್ನು ಅವಳು ಆಯಿ ಎಂದೇ ಕರೆಯುವುದು. ಈ ಬೇಸಿಗೆಯಲ್ಲಿ ಒಂದು ದಿನ, “ಆಯಿ, ನಮ್ಮ ಸೈಟಿನ್ಯಾಗ ಎಷ್ಟ ಲಿಂಕ್ ಮುರದಾವ ನೋಡ” ಅಂದಳು. ಅನಾಲಿಟಿಕ್ಸ್ ಎಂದು ಒಂದು ಇದೆಯಂತೆ. ಸೈಟಿಗೆ ಯಾರು ಬಂದರೆಂದು ಹೆಸರು ಹೇಳುವುದಿಲ್ಲ. ಎಷ್ಟು ಜನ ಬಂದರು, ಯಾವ ಪುಟಕ್ಕೆ ಬಂದರು, ಎಲ್ಲಿಂದ ಬಂದರು, ಎಷ್ಟು ಬೇಗ ಹೊರಟುಹೋದರು ಎಂಬುದನ್ನು ಹೇಳುತ್ತದೆ. ‘ಪುಟ ಸಿಗಲಿಲ್ಲ’ ಎಂಬ ಪರದೆ ನೋಡಿ ಹೋದವರನ್ನಷ್ಟೇ ಅವಳು ಬೇರೆ ಮಾಡಿ ತೆಗೆದಿದ್ದಳು.

ಒಂದೊಂದಾಗಿ ಹಿಡಿದು ಸರಿಮಾಡುತ್ತಾ ಹೋದಳು. ಒಂದು ಕಡೆ ವಿಳಾಸದ ನಡುವೆ ಸುಮ್ಮನೆ ಜಾಗ ಬಿಟ್ಟಿತ್ತು. ಒಂದು ಕಡೆ ಎಂದೋ ಮುಗಿದ ದೀಪಾವಳಿಯ ಪುಟಕ್ಕೆ ಇನ್ನೂ ದಾರಿ ತೋರಿಸುತ್ತಿತ್ತು. ನಮ್ಮ ಫೋನ್ ನಂಬರಿನ ಪುಟಕ್ಕೆ ಹೋಗುವ ಲಿಂಕನ್ನು ಸ್ವತಃ ಅವಳೇ ತಪ್ಪಾಗಿ ಹಾಕಿದ್ದಳು. ತನ್ನ ಹಣೆ ತಾನೇ ಬಡಿದುಕೊಂಡು ನಕ್ಕಳು. ನಮ್ಮ ಸೈಟಿನೊಳಗಿನ ತಪ್ಪಾದರೆ ತಿದ್ದಿದರೆ ಮುಗಿಯಿತು. ಬೇರೆ ಯಾರದೋ ಪುಟದಲ್ಲಿ ನಮ್ಮ ಹಳೆಯ ವಿಳಾಸ ಇದ್ದರೆ ಅವರಿಗೆ ಬರೆದು ಕೇಳಬೇಕು, ಇಲ್ಲವೇ ಆ ವಿಳಾಸಕ್ಕೆ ಬಂದವರನ್ನು ಇರುವ ಪುಟಕ್ಕೆ ತಿರುಗಿಸಿ ಬಿಡಬೇಕು ಎಂದು ನನಗೆ ತಿಳಿಸಿ ಹೇಳಿದಳು. ನಾನು ಹೂಂ ಅನ್ನುತ್ತಾ ಖಾರ ಜರಡಿ ಹಿಡಿಯುತ್ತಿದ್ದೆ.

ಕೊನೆಗೆ ಒಂದೇ ಉಳಿಯಿತು. ಎಲ್ಲಕ್ಕಿಂತ ಹೆಚ್ಚು ಜನ ಬಂದು ತಿರುಗಿ ಹೋದ ವಿಳಾಸ ಅದೇ.

“ಆಯಿ, ಇಲ್ಲಿ ಬಾ. ಇದ ಯಾವ ಪೇಜಿತ್ತ? ಕೊಲ್ಲಾಪುರ ಕಡೆ ಹೆಣ್ಣಮಕ್ಕಳದೊಂದ ಪೇಜ್ ಐತಿ, ಚಾತುರ್ಮಾಸಕ್ಕ ನಡಿಯೂ ಅಡಗಿ ಸಾಮಾನ ಎಲ್ಲೆಲ್ಲಿ ಸಿಗತಾವಂತ ಬರದಾರ. ಅದರಾಗ ನಮ್ಮ ಲಿಂಕ್ ಐತಿ. ಅಲ್ಲಿಂದ ಬರ್ತಾರ, ಏನೂ ಸಿಗೂದಿಲ್ಲ, ಹೋಗ್ತಾರ. ವರ್ಷಾ ಬರ್ತಾರ!”

ಪರದೆಯ ಮೇಲೆ ಒಂದು ಗೆರೆ ಇತ್ತು. ವರ್ಷವೆಲ್ಲ ಮಲಗಿರುತ್ತದೆ, ಮಳೆಗಾಲ ಹಿಡಿಯುವ ಮೊದಲು ಎದ್ದು ನಿಲ್ಲುತ್ತದೆ, ಭಾದ್ರಪದದಲ್ಲಿ ಇನ್ನೊಮ್ಮೆ ಏಳುತ್ತದೆ. ನಾನು ತೆಗೆಸಿದ ಪುಟಕ್ಕೆ, ಇಷ್ಟು ವರ್ಷ, ಅದೇ ಮಂದಿ — ಅದೇ ವ್ರತ ಹಿಡಿದ ಮಂದಿ — ನಂಬಿಕೊಂಡು ಬರುತ್ತಲೇ ಇದ್ದರು.

“ಇದನ ಯಾರ ತಗಸಿದ್ರ, ಆಯಿ?”

“ನನಗೇನ ಗೊತ್ತ. ಆ ಅಂಗಡ್ಯಾಂವ ಏನರ ಮಾಡಿರಬೇಕ.”

ನೋಡಿ, ಇಷ್ಟು ವಯಸ್ಸಾದ ಮೇಲೂ! ಅಶ್ವಿನಿ ಆ ಅಂಗಡಿಯವನನ್ನು ಬೈದಳು. “ಬರೇ ಹೊಲಸ ಮಾಡಿ ಹ್ವಾದ ಪುಣ್ಯಾತ್ಮ” ಅಂದಳು. ಇಂಗಿನ ಪಾಳಿ ಮುಗಿದಿತ್ತು, ಈಗ ಅವನ ಪಾಳಿ. ಪಾಪ, ಒಂದು ಸಾಲು ಬರೆಯೋಣ ಎಂದು ಕೇಳಿದವನು ಅವನೊಬ್ಬನೇ.

ಆಮೇಲೆ ಅವಳು ತನಗೆ ಸರಿ ಕಂಡದ್ದನ್ನು ಮಾಡಿದಳು. ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಆ ಹಳೆಯ ವಿಳಾಸಕ್ಕೆ ಬಂದವರೆಲ್ಲ ನಮ್ಮ ಮಸಾಲೆ ಖಾರದ ಪುಟಕ್ಕೆ ಹೋಗುವಂತೆ ತಿರುಗಿಸಿದಳು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ನನ್ನ ಖಾರಕ್ಕೆ. ಹಳೆಯ ಪುಟದಲ್ಲಿ ಏನಿತ್ತೆಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಖಾರದ ಪುಟ ಎಂದಷ್ಟೇ ಗೊತ್ತಿತ್ತು, ವ್ರತಕ್ಕೆ ಬಳ್ಳೊಳ್ಳಿ ನಡೆಯುವುದಿಲ್ಲ ಎಂಬುದು ಆ ಗಡಿಬಿಡಿಯಲ್ಲಿ ಅವಳಿಗೆ ಹೊಳೆಯಲಿಲ್ಲ. ಅವಳಿಗೆ ಹೇಳಬೇಕಾದವಳು ನಾನು. ಹೇಳಲಿಲ್ಲ. ಜರಡಿ ಹಿಡಿಯುತ್ತಾ ಕುಳಿತೆ.

ಮರುದಿನ ಮಧ್ಯಾಹ್ನ ಹೊಲದಿಂದ ಬಂದಾಗ ಅವಳು ಒಂದು ಪಾರ್ಸಲಿಗೆ ಟೇಪು ಸುತ್ತುತ್ತಿದ್ದಳು. ಮುಖ ಅರಳಿತ್ತು.

“ನೋಡ ಆಯಿ, ತಿರಗಸಿದ ಮರದಿನಾನ ಆರ್ಡರ್! ಅಲ್ಲಿಂದನ ಬಂದಾರ. ಕುರಿಯರ್‌ನಾಂವ ಇನ್ನ ಸ್ವಲ್ಪ ಹೊತ್ತಿನ್ಯಾಗ ಬರ್ತಾನ.”

“ಏನ ಬರದಾರ?”

“ಅತ್ತಿಯವರು ಚಾತುರ್ಮಾಸ ಹಿಡೀತಾರ, ಅದಕಿಂತ ಮೊದಲ ಕಳಸ್ರಿ ಅಂತ.”

ಪುಟದ ಮೇಲೆ ಕೆಂಪು ಖಾರದ ಚಿತ್ರ ದೊಡ್ಡದು. ಏನೇನು ಹಾಕಿದೆ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿ. ಆ ಸೊಸೆ, ತಾನು ನಂಬುವವರು ತೋರಿಸಿದ ದಾರಿ ಹಿಡಿದು ಬಂದವಳು, ಕೆಳಗಿನ ತನಕ ಯಾಕೆ ಓದಬೇಕು? ಮೊದಲ ಸಲ ಬರೀ ವಾಸನೆ ಹೋಗಿತ್ತು. ಈ ಸಲ ಬಳ್ಳೊಳ್ಳಿಯೇ ಹೊರಟಿತ್ತು.

ಪಾರ್ಸಲನ್ನು ಅವಳ ಕೈಯಿಂದ ಕಸಿದುಕೊಂಡು ಇಳಿಗೆಮಣೆಗೆ ಹಿಡಿದು ಸೀಳಿದೆ. ಖಾರ ಮೇಜಿನ ಮೇಲೆಲ್ಲ ಚೆಲ್ಲಿತು. ತೊಟ್ಟು ಮುರಿಯುತ್ತಿದ್ದ ಹೆಂಗಸರು ಸೆರಗು ಮೂಗಿಗಿಟ್ಟು ಎದ್ದು ನಿಂತರು.

“ಆಯಿ! ತಲಿ ಕೆಟ್ಟತೇನ ನಿಂದ?”

“ಕೆಟ್ಟಿದ್ದ ಈಗಲ್ಲ, ಆವಾಗ. ಕುಂದರ ಇಲ್ಲಿ. ನೀವೂ ಕುಂದರ್ರಿ ಎಲ್ಲಾರೂ. ಆ ಪೇಜ್ ತಗಸಿದಾಕಿ ನಾ.”

ಎಲ್ಲರ ಮುಂದೆಯೇ ಹೇಳಿದೆ. ಬೇರೆ ಕರೆದುಕೊಂಡು ಹೋಗಿ ಹೇಳಿದ್ದರೆ ಅರ್ಧ ಹೇಳಿ ಅರ್ಧ ನುಂಗುತ್ತಿದ್ದೆ; ನನ್ನ ಸ್ವಭಾವ ನನಗೆ ಗೊತ್ತು. ಮುಗಿಯುವ ಹೊತ್ತಿಗೆ ಅಶ್ವಿನಿ ಮೇಜಿನ ಮೇಲಿನ ಖಾರವನ್ನು ಕೈಯಿಂದ ಒಂದೆಡೆಗೆ ಎಳೆಯುತ್ತಿದ್ದಳು, ಎಳೆಯುತ್ತಲೇ ಇದ್ದಳು.

“ತ್ರಿಶಲಾ ಆಯಿ ಸಕ್ರಿ ಬಿಟ್ಟದ್ದ... ಇದಕ್ಕಾ?”

“ಇದಕ್ಕ.”

“ಮತ್ತ ನೀ ಅಕಿ ಮುಂದ ಕುಂತ ಸಕ್ರಿ ಹಾಕ್ಕೊಂಡ ಚಾ ಕುಡೀತಿದ್ದಿ.”

“ಕುಡೀತಿದ್ನಿ.”

ಅವಳು ನನ್ನತ್ತ ನೋಡಿದ ನೋಟ ಇದೆಯಲ್ಲ — ಇರಲಿ. ನನಗೆ ಬರಬೇಕಾದದ್ದೇ ಅದು. ಎದ್ದು ಹೋಗಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಆ ತಿರುಗಿಸಿದ್ದನ್ನು ತೆಗೆದಳು. ಆರ್ಡರ್ ಮಾಡಿದ್ದ ಸೊಸೆಗೆ ಫೋನು ಹಚ್ಚಿ, ಇದರಲ್ಲಿ ಬಳ್ಳೊಳ್ಳಿ ಇದೆ, ನಿಮ್ಮ ಮನೆಗೆ ನಡೆಯುವುದಿಲ್ಲ, ಹಣ ತಿರುಗಿ ಬರುತ್ತದೆ ಎಂದು ಹೇಳಿದಳು. ಆಚೆಯಿಂದ ಆ ಸೊಸೆ ಬಹಳ ಉಪಕಾರ ಆಯಿತು ಅಂದಳಂತೆ.

ಸಂಜೆ ಅಶ್ವಿನಿ ಸ್ವಲ್ಪ ತಣ್ಣಗಾದಳು. ಅಲ್ಲಿ ‘ಈ ಖಾರ ಈಗ ಸಿಗುವುದಿಲ್ಲ’ ಎಂದು ಬರೆದು ಬಿಡೋಣ ಅಂದಳು. ಬಂದವರಿಗೆ ದಾರಿ ತಪ್ಪುವುದಿಲ್ಲ, ಲಿಂಕೂ ಸರಿಹೋಗುತ್ತದೆ, ಸುಳ್ಳೂ ಅಲ್ಲ.

“ಸುಳ್ಳಲ್ಲ. ಖರೇನೂ ಅಲ್ಲ. ಪೂರಾ ಬರೀಬೇಕ.”

“ಆಯಿ, ವಿಚಾರ ಮಾಡ. ಡಂಕ ತೊಳೀಲಿಲ್ಲ, ಸುಳ್ಳ ಹೇಳಿದ್ವಿ ಅಂತ ನಮ್ಮ ಸೈಟಿನ್ಯಾಗ ನಾವ ಬರದ್ರ, ನಮ್ಮ ಖಾರಾ ಯಾರ ತಗೊತಾರ? ಈ ಹೆಣ್ಣಮಕ್ಕಳಿಗೆ ಕೆಲಸಾ ಎಲ್ಲಿಂದ?”

ಅದು ನಿಜ. ನಮ್ಮ ಶೆಡ್ಡು ನಡೆಯುವುದು ಮಂದಿ ನಮ್ಮ ಮೇಲಿಟ್ಟ ನಂಬಿಕೆಯ ಮೇಲೆ, ಮತ್ತು ಆ ನಂಬಿಕೆ ತಪ್ಪು ಎಂದು ಹೇಳಲು ಹೊರಟವಳು ನಾನೇ. ತೊಟ್ಟು ಮುರಿಯುವವರಲ್ಲಿ ಒಬ್ಬಳು, ನನಗಿಂತ ಸ್ವಲ್ಪ ಚಿಕ್ಕವಳು, ಹೋಗುವಾಗ ಬಾಗಿಲಲ್ಲಿ ನಿಂತು, “ಬರಸ ಕಾಶಕ್ಕಾ, ಆದ್ರ ಮೊದಲ ಡಂಕ ತೊಳಸ” ಅಂದು ನಕ್ಕು ಹೋದಳು. ಆ ನಗು ಕುಟುಕಿತು. ಕುಟುಕಲಿ.

“ಬರಿಯೂದ ಖರೇ,” ಅಂದೆ ಅಶ್ವಿನಿಗೆ, “ಆದ್ರ ಮಂದಿ ಓದೂಕಿಂತ ಮೊದಲ ತ್ರಿಶಲಾ ನನ್ನ ಬಾಯಿಂದ ಕೇಳಬೇಕ. ನಾಳೆ ಹೋಗ್ತೇನಿ.”

“ನಾನೂ ಬರ್ಲಿ?”

“ಬ್ಯಾಡ. ನೀ ಬಂದ್ರ ಅಕಿ ನಿನ್ನ ಮಾರಿ ನೋಡಿ ಸಿಟ್ಟ ನುಂಗತಾಳ. ನುಂಗಬಾರದ.”

ಮರುದಿನ ಬೆಳಿಗ್ಗೆ ಅವಳು ಬಸದಿಗೆ ಹೊರಡುವ ಮೊದಲೇ ಹೋದೆ. ಹಿತ್ತಲಲ್ಲಿ ನೀರು ಸೋಸುತ್ತಿದ್ದಳು. ಸೋಸಿದ ಬಟ್ಟೆಯನ್ನು ತಿರುಗಿ ಬಾವಿಯ ನೀರಿನಲ್ಲೇ ಜಾಲಾಡಿಸುತ್ತಾಳೆ, ಅದರಲ್ಲಿ ಸಿಕ್ಕ ಜೀವ ಅಲ್ಲೇ ಬದುಕಲೆಂದು. ನನ್ನನ್ನು ನೋಡಿ, “ಏನವಾ, ಇಷ್ಟ ಲಗೂನ? ಕುಂದರ, ಚಾ ಇಡ್ತೇನಿ” ಅಂದಳು.

“ಕುಂದರಾಕ ಬಂದಿಲ್ಲ,” ಅಂದೆ. “ನಿನ್ನ ಇಂಗಿಂದ ತಪ್ಪಿಲ್ಲ ತ್ರಿಶಲಾ. ನಂದ ಮೊದಲ ಕುಟ್ಟಸಿದ್ನಿ. ಡಂಕ ತೊಳದಿದ್ದಿಲ್ಲ. ನಿನಗ ಸುಳ್ಳ ಹೇಳಿದ್ನಿ.”

ಅವಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ಸೋರುತ್ತಿತ್ತು. ಅವಳು ನನ್ನನ್ನು ನೋಡದೆ ಆ ಬಟ್ಟೆಯನ್ನೇ ನೋಡುತ್ತಿದ್ದಳು. ನಾನು ಸಂಜೆಯಿಂದ ಜೋಡಿಸಿಕೊಂಡಿದ್ದ ಮಾತು ಬೇರೆ ಇದ್ದವು — ಮೋಡ ಇತ್ತು, ಕರೆಂಟು ಇರಲಿಲ್ಲ... ಒಂದನ್ನೂ ಆಡಲಿಲ್ಲ.

“ಇಂಗ ಛಲೋ ಇತ್ತಾ?” ಅಂದಳು.

“ಛಲೋ ಇತ್ತ.”

“ಆ ಇಂಗಿನ ಅಂಗಡ್ಯಾಂವಗ ನಾ ಮಂದಿ ಮುಂದ ಬೈದಿದ್ನಿ.”

ನನಗೆ ಅದು ಗೊತ್ತಿರಲಿಲ್ಲ. ಒಂದು ಸುಳ್ಳು ಎಷ್ಟು ಮನೆಗೆ ಹೋಗಿ ಬಂದಿದೆ ಎಂದು ಆಡಿದವರಿಗೇ ಪೂರಾ ಗೊತ್ತಿರುವುದಿಲ್ಲ.

“ಎಲ್ಲಾ ನಾ ಬರೀತೇನಿ, ಅಶ್ವಿನಿ ಸೈಟಿಗೆ ಹಾಕ್ತಾಳ. ನಿನ್ನ ಹೆಸರ ಹಾಕೂದೋ ಬ್ಯಾಡೋ, ನೀ ಹೇಳ.”

“ಹಾಕ. ಇಂಗಿಂದ ತಪ್ಪಲ್ಲಂತ ಬರೀ. ದೊಡ್ಡದಾಗಿ ಬರೀ.” ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. “ಫೋನ್ ಮಾಡಿದ್ದ ಒಬ್ಬಾಕಿ. ಉಳದೋರು ಗೊತ್ತಾಗಲಾರದ ಉಂಡಾರ. ಯಾರ‍್ಯಾರಿಗೆ ಹೋಗಿತ್ತ ಅದು?”

“ಎಲ್ಲಾರೂ ನೆನಪಿಲ್ಲ.”

“ತಿಳಕೊ,” ಅಂದಳು. “ಮಂದಿ ತಾವಾಗಿ ಬಂದ ಓದಲೆಂತ ಕಾಯಬ್ಯಾಡ.”

ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕಿ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಒಳಗೆ ಬಾ ಎಂದೂ ಅನ್ನಲಿಲ್ಲ. ಕ್ಷಮೆ ನಾನು ಕೇಳಲಿಲ್ಲ. ಅವಳಿಗೆ ಅದನ್ನು ಕೊಡದಿರುವುದು ಗೊತ್ತಿಲ್ಲ, ಕೇಳಿದರೆ ಕೊಟ್ಟುಬಿಡುತ್ತಿದ್ದಳು. ಹಾಗೆ ಇಸಿದುಕೊಳ್ಳಲು ನನಗೆ ಹಕ್ಕಿಲ್ಲ.

ಮನೆಗೆ ಬಂದೆ. ಅಶ್ವಿನಿ ಎದ್ದು ಕುಳಿತಿದ್ದಳು. ಆ ವರ್ಷದ ಆರ್ಡರು ತೆಗೆ ಅಂದೆ. ಪುಟ ತೆಗೆಸಿದರೂ ಆರ್ಡರು ಸೈಟಿನ ಒಳಗೆ ಹಾಗೇ ಉಳಿದಿರುತ್ತವಂತೆ; ಹುಡುಕಿ ತೆಗೆದಳು. ಫೋನು ನಾನು ಮಾಡುತ್ತೇನೆ, ನೀನು ನಂಬರು ಒತ್ತಿಕೊಡು ಅಂದೆ.

ಮೊದಲ ನಂಬರು ಸಾಂಗಲಿ ಕಡೆಯದು. ಬಹಳ ಹೊತ್ತು ಹೊಡೆದುಕೊಂಡಿತು. ಎತ್ತುವುದಿಲ್ಲವೇನೋ ಅಂದುಕೊಳ್ಳುವಷ್ಟರಲ್ಲಿ ವಯಸ್ಸಾದ ಹೆಂಗಸಿನ ದನಿ, ಮರಾಠಿಯಲ್ಲಿ, “ಕೋಣ?” — ಯಾರು — ಎಂದು ಕೇಳಿತು.

ಹೆಸರು ಹೇಳಿದೆ. ಊರು ಹೇಳಿದೆ. ಆಮೇಲೆ ಡಂಕದ ಮಾತು ಹೇಳಲು ಶುರುಮಾಡಿದೆ.